ವೀಸಾ ಫೈಲು ನಿಮ್ಮ ಕೈಲಿರ್ಲಿ: ಓದುಗರ ಪ್ರಶ್ನೆ, ನನ್ನ ಉತ್ತರ

ಎರಡು ಸಂಚಿಕೆ ಹಿಂದೆ, ನಾನು ಬ್ರಿಟಿಷ್ ಪ್ರಜೆಯೊಬ್ಬರನ್ನ ಮದುವೆ ಆಗಿ ಸ್ಪೌಸ್ ವೀಸಾ ಮೇಲೆ ಅಲ್ಲಿಗೆ ಹೋದ ದಿನಗಳ ಬಗ್ಗೆ ನಾಲ್ಕು ಸಾಲು ಬರ್ದಿದ್ದೆ, ಅದಕ್ಕೆ ಇಷ್ಟೊಂದು ಪತ್ರ ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಹುಡುಗೀರು ಬರ್ದಿದ್ದಾರೆ, ಹುಡುಗರೂ ಬರ್ದಿದ್ದಾರೆ, ಒಬ್ಬರು ತಾಯಿ ಬರ್ದಿದ್ದಾರೆ. ಯಾರ ಹೆಸರೂ ಹಾಕ್ತಿಲ್ಲ, ಗುರುತು ಸಿಗೋ ವಿವರಗಳನ್ನೂ ತೆಗ್ದಿದ್ದೀನಿ. ವೀಸಾ ರೂಲ್ಸು, ಫೀಸು ಆಗಾಗ ಬದಲಾಗ್ತಾನೇ ಇರತ್ತೆ, ಅದಕ್ಕೆ ನಾನು ಹೇಳಿರೋ ಅಂಕಿಗಳನ್ನಷ್ಟೇ ನಂಬ್ಕೊಂಡು ಅರ್ಜಿ ಹಾಕ್ಬೇಡಿ, ಹಾಕೋ ವಾರ ಆಯಾ ದೇಶದ ಸರ್ಕಾರಿ ವೆಬ್‌ಸೈಟನ್ನ ಒಂದ್ಸಲ ನೀವೇ ಕೂತು ಓದಿ. ನೀವೇ ಅಂದ್ರೆ ನೀವೇ, ಗಂಡ ಅಲ್ಲ, ಏಜೆಂಟೂ ಅಲ್ಲ.

ಪ್ರಶ್ನೆ: ನನ್ನ ಹುಡುಗ ಬ್ರಿಟಿಷ್ ಪ್ರಜೆ. ಮೂರು ವಾರ ರಜೆ ಹಾಕಿ ಇಂಡಿಯಾಗೆ ಬರ್ತಾನೆ. ಅಷ್ಟರಲ್ಲಿ ಮದುವೆ ರಿಜಿಸ್ಟರ್ ಮಾಡಿಸಿ ವೀಸಾಗೆ ಹಾಕ್ಬೇಕು ಅಂತ ಇದ್ದೀವಿ. ಒಬ್ಬ ಏಜೆಂಟ್ ಒಂದೇ ದಿನದಲ್ಲಿ ಮಾಡಿಸ್ಕೊಡ್ತೀನಿ ಅಂತಿದ್ದಾರೆ. ನಂಬಬಹುದಾ?

ನಂಬ್ಬೇಡಿ. ನಿಮ್ಮ ಹುಡುಗ ಹಿಂದೂ ಅಲ್ಲ ಅಂದ್ರೆ ನಿಮ್ಮಿಬ್ಬರ ಮದುವೆ ಬರೋದು 1954ರ ವಿಶೇಷ ವಿವಾಹ ಕಾಯ್ದೆ, ಅಂದ್ರೆ ಸ್ಪೆಷಲ್ ಮ್ಯಾರೇಜ್ ಆಕ್ಟ್ ಕೆಳಗೆ. ಅದರಲ್ಲಿ ಮೊದಲು ಮ್ಯಾರೇಜ್ ಆಫೀಸರಿಗೆ ಇಬ್ಬರೂ ಸೇರಿ ನೋಟಿಸ್ ಕೊಡ್ಬೇಕು, ಕೊಡೋಕೆ ಮುಂಚೆ ನಿಮ್ಮಿಬ್ಬರಲ್ಲಿ ಒಬ್ಬರಾದ್ರೂ ಆ ಜಿಲ್ಲೇಲಿ 30 ದಿನ ವಾಸ ಇರ್ಬೇಕು, ಇದು ನಿಮಗೆ ತೊಂದ್ರೆ ಇಲ್ಲ ಯಾಕಂದ್ರೆ ನೀವು ಅಲ್ಲೇ ಇದ್ದೀರಿ. ಆದ್ರೆ ನೋಟಿಸ್ ಕೊಟ್ಟ ಮೇಲೆ ಆಕ್ಷೇಪಣೆ ಇದ್ರೆ ಬರ್ಲಿ ಅಂತ ಮತ್ತೆ 30 ದಿನ ಕಾಯ್ತಾರೆ, ಅದು ಮುಗಿದ ಮೇಲೇ ಮೂರು ಜನ ಸಾಕ್ಷಿಗಳ ಮುಂದೆ ಮದುವೆ. ಮೂರು ವಾರದಲ್ಲಿ ಲೆಕ್ಕ ಎಲ್ಲಿ ಕೂಡತ್ತೆ ಹೇಳಿ? ಒಂದು ದಾರಿ ಇದೆ, ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳ ಒಳಗೆ ಮದುವೆ ಆದ್ರೆ ಸಾಕು, ಹಾಗಾಗಿ ಅವನು ಒಂದ್ಸಲ ಬಂದು ನೋಟಿಸಿಗೆ ಸಹಿ ಹಾಕಿ ವಾಪಸ್ ಹೋಗಿ, 30 ದಿನ ಕಳೆದ ಮೇಲೆ ಎರಡನೇ ಸಲ ಬರ್ಬಹುದು. ಎರಡು ಟಿಕೆಟ್ ಖರ್ಚು ನಿಜ, ಆದ್ರೆ ಕಾಗದ ಗಟ್ಟಿ.

ಏಜೆಂಟ್ ಹೇಳೋ "ಒಂದೇ ದಿನ" ಯಾವುದು ಅಂತ ನಂಗೆ ಗೊತ್ತು. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ ಹಿಂದೂ ವಿವಾಹ ಕಾಯ್ದೆ ಕೆಳಗೆ ರಿಜಿಸ್ಟರ್ ಮಾಡಿಸೋದು. 1955ರ ಆ ಕಾಯ್ದೆ ಇಬ್ಬರೂ ಹಿಂದೂಗಳಾಗಿದ್ರೆ ಮಾತ್ರ. ಅವನು ಮನಸಾರೆ ಮತಾಂತರ ಆದ್ರೆ ಅದು ಬೇರೆ ಮಾತು, ದಿನ ಉಳಿಸೋಕೆ ಅಂತ ಒಂದು ಕಾಗದಕ್ಕೆ ಸಹಿ ಹಾಕ್ಸಿ ಮದುವೆ ಮಾಡ್ಸಿದ್ರೆ ನಾಳೆ ವೀಸಾ ಆಫೀಸರ್ ಒಂದು ಪ್ರಶ್ನೆ ಕೇಳಿದ ತಕ್ಷಣ ಇಡೀ ಮದುವೇನೇ ಅಲ್ಲಾಡತ್ತೆ. ಬುನಾದಿ ಹಾಕೋವಾಗಲೇ ಸುಳ್ಳಿಂದ ಶುರು ಮಾಡ್ಬೇಡಿ.

ಇನ್ನೂ ಎರಡು ದಾರಿ ಇದಾವೆ. ನೀವು ಮ್ಯಾರೇಜ್ ವಿಸಿಟರ್ ವೀಸಾದಲ್ಲಿ ಅಲ್ಲಿಗೆ ಹೋಗಿ, ಅಲ್ಲೇ ಮದುವೆ ಆಗಿ, ವಾಪಸ್ ಬಂದು ಇಲ್ಲಿಂದ ಸ್ಪೌಸ್ ವೀಸಾಗೆ ಹಾಕೋದು ಒಂದು. ಇನ್ನೊಂದು ಫಿಯಾನ್ಸೆ ವೀಸಾ, ಅಂದ್ರೆ ಮದುವೆ ಆಗ್ಬೇಕಿರೋರಿಗೆ ಕೊಡೋದು, ಅದು 6 ತಿಂಗಳದ್ದು, ಆ 6 ತಿಂಗಳು ಕೆಲಸ ಮಾಡೋ ಹಾಗಿಲ್ಲ, ಮದುವೆ ಆದ್ಮೇಲೆ ಅಲ್ಲೇ ಮತ್ತೊಂದು ಅರ್ಜಿ, ಮತ್ತೊಂದು ಫೀಸು. ಕೆಲಸ ಬಿಟ್ಟು ಹೋಗೋರಿಗೆ ನಾನು ಫಿಯಾನ್ಸೆ ವೀಸಾ ಸಲಹೆ ಮಾಡಲ್ಲ.

ಇಲ್ಲೇ ಮದುವೆ ಅಂತಾದ್ರೆ ಅವನು ಬರೋವಾಗ ಅವಿವಾಹಿತ ಅನ್ನೋ ಪ್ರಮಾಣಪತ್ರ ಅವನ ದೇಶದಿಂದ ತರ್ಬೇಕು, ಹಿಂದೆ ಮದುವೆ ಆಗಿದ್ರೆ ಡಿವೋರ್ಸ್ ಆಗಿರೋ ಅಂತಿಮ ಆದೇಶ. ಸರ್ಟಿಫಿಕೇಟ್ ಬರೆಸೋ ದಿನ ಇಬ್ಬರ ಪಾಸ್‌ಪೋರ್ಟೂ ಟೇಬಲ್ ಮೇಲೆ ತೆಗೆದಿಟ್ಟು ಒಂದೊಂದು ಅಕ್ಷರ ತಾಳೆ ನೋಡಿ. ನಮ್ಮ ಕಡೆ ಹೆಸರಿನ ಮುಂದೆ ಇನಿಷಿಯಲ್ ಇರತ್ತೆ, ಕೆಲವರ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗಾನೇ ಖಾಲಿ, ಇನ್ನು ಕೆಲವರಿಗೆ ಅಪ್ಪನ ಹೆಸರು ಅಲ್ಲಿ ಕೂತಿರತ್ತೆ. ಹೆಸರು ಒಂದೇ ಕಾಲಂನಲ್ಲಿದ್ರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಮೂರಕ್ಷರ ಅಚ್ಚಾಗಿ ಬರತ್ತೆ, ಹೆಸರು ಗೊತ್ತಿಲ್ಲ ಅಂತ ಅರ್ಥ, ಆಮೇಲೆ ಬ್ಯಾಂಕು, ಲೈಸೆನ್ಸು, ಎಲ್ಲಾ ಕಡೆ ಅದೇ ಬೆನ್ನು ಹತ್ತತ್ತೆ. ಮದುವೆ ಗಡಿಬಿಡಿಗೆ ಮುಂಚೆನೇ ಪಾಸ್‌ಪೋರ್ಟ್ ಸರಿ ಮಾಡಿಸ್ಕೊಳ್ಳಿ. ಗಂಡನ ಹೆಸರು ಸೇರಿಸ್ಕೊಳ್ಳೋದು ಕಡ್ಡಾಯ ಏನಲ್ಲ, ನಾನು ಸೇರಿಸ್ಕೊಂಡಿಲ್ಲ.

ಪ್ರಶ್ನೆ: ಬ್ರಿಟನ್ನಲ್ಲಿ ಗಂಡನ ಸಂಬಳ ವರ್ಷಕ್ಕೆ 27,000 ಪೌಂಡ್. ನಂಗೆ ಇಲ್ಲಿ ಐಟಿ ಕಂಪನಿಯಲ್ಲಿ ಒಳ್ಳೆ ಸಂಬಳ ಇದೆ. ನಂದೂ ಸೇರಿಸಿ ತೋರಿಸ್ಬಹುದಾ?

ನಿಮ್ಮ ಇಲ್ಲಿನ ಸಂಬಳ ಲೆಕ್ಕಕ್ಕೆ ಬರಲ್ಲ. ಹೊರಗಿಂದ ಮೊದಲ ಸಲ ಹಾಕೋವಾಗ ಅಲ್ಲಿರೋರ ಕೆಲಸದ ಆದಾಯ ಮಾತ್ರ ನೋಡ್ತಾರೆ. 2024ರ ಏಪ್ರಿಲ್ 11ರ ತನಕ 18,600 ಪೌಂಡ್ ಇದ್ರೆ ಸಾಕಾಗ್ತಿತ್ತು, ಅವತ್ತಿಂದ ಅದನ್ನ 29,000ಕ್ಕೆ ಏರಿಸಿದ್ರು, ಎಷ್ಟೋ ಜೋಡಿಗಳ ನಿದ್ದೆ ಕೆಡಿಸಿದ ಬದಲಾವಣೆ ಅದು.

ಆದ್ರೆ ನಿಮಗೆ ಕಮ್ಮಿ ಬೀಳೋದು 2,000 ಪೌಂಡ್ ಅಷ್ಟೆ, ಇದನ್ನ ಉಳಿತಾಯದಿಂದ ತುಂಬಬಹುದು. ಲೆಕ್ಕ ಹೀಗೆ: ಮೊದಲ 16,000 ಪೌಂಡ್ ಉಳಿತಾಯವನ್ನ ಅವರು ಎಣಿಸೋದೇ ಇಲ್ಲ, ಅದರ ಮೇಲೆ ಎಷ್ಟು ಕಮ್ಮಿ ಇದೆಯೋ ಅದರ ಎರಡೂವರೆ ಪಟ್ಟು ಇರ್ಬೇಕು. ಅಂದ್ರೆ 16,000 ಜೊತೆಗೆ 5,000, ಒಟ್ಟು 21,000 ಪೌಂಡ್. ಈ ದುಡ್ಡು ನಿಮ್ಮ ಹೆಸರಲ್ಲಿರಬಹುದು, ಅವರ ಹೆಸರಲ್ಲಿರಬಹುದು, ಜಂಟಿ ಅಕೌಂಟೂ ಆಗತ್ತೆ, ಆದ್ರೆ ಅರ್ಜಿ ಹಾಕೋಕೆ ಮುಂಚೆ 6 ತಿಂಗಳು ಅಲ್ಲಾಡದೆ ಅಲ್ಲೇ ಕೂತಿರ್ಬೇಕು. ಮಾವನೋ ಚಿಕ್ಕಪ್ಪನೋ ಹಿಂದಿನ ವಾರ ಹಾಕಿದ ದುಡ್ಡು ನಡಿಯಲ್ಲ. ನೀವು ಇಲ್ಲಿ ದುಡಿದು ಕೂಡಿಟ್ಟಿದ್ದು ಈ ರೀತಿ ಖಂಡಿತಾ ಕೆಲಸಕ್ಕೆ ಬರತ್ತೆ.

ಇದರ ಜೊತೆ ಅರ್ಜಿ ಫೀಸು, ಮೇಲೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಹೆಲ್ತ್ ಸರ್ಚಾರ್ಜ್ ಅಂತ ವರ್ಷಕ್ಕೆ 1,035 ಪೌಂಡ್. ಮೊದಲ ವೀಸಾ 33 ತಿಂಗಳಿಗೆ ಕೊಡ್ತಾರೆ, ಅದಕ್ಕೆ ಮೂರು ವರ್ಷದ ಲೆಕ್ಕದಲ್ಲಿ 3,105 ಪೌಂಡ್ ಮೊದಲೇ ಕಟ್ಟಿಸ್ಕೋತಾರೆ, ಕಂತು ಗಿಂತು ಇಲ್ಲ. ಇಂಗ್ಲಿಷ್ ಎ1 (ಅಂದ್ರೆ ತೀರಾ ಆರಂಭದ ಮಟ್ಟದ) ಪರೀಕ್ಷೆ, ಟಿಬಿ ಟೆಸ್ಟು, ಇವೆರಡಕ್ಕೂ ಅವರು ಒಪ್ಪಿರೋ ಸೆಂಟರ್‌ಗಳಿಗೇ ಹೋಗ್ಬೇಕು, ಮನೆ ಹತ್ರದ ಲ್ಯಾಬ್ ರಿಪೋರ್ಟ್ ತಗೊಳಲ್ಲ.

ಪ್ರಶ್ನೆ: ಅಮೆರಿಕನ್ ಹುಡುಗ. ಕೆ-1 ಫಿಯಾನ್ಸೆ ವೀಸಾ ಒಳ್ಳೇದಾ, ಮದುವೆ ಆಗಿ ಹೋಗೋದು ಒಳ್ಳೇದಾ?

ನಂಗೆ ಕೇಳಿದ್ರೆ ಮದುವೆ ಆಗಿ ಹೋಗಿ. ಕೆ-1ರಲ್ಲಿ ಅಲ್ಲಿಗೆ ಕಾಲಿಟ್ಟ 90 ದಿನದೊಳಗೆ ಮದುವೆ ಆಗ್ಲೇಬೇಕು, ಅರ್ಜಿ ಹಾಕೋಕೆ ಮುಂಚಿನ ಎರಡು ವರ್ಷದಲ್ಲಿ ಒಂದ್ಸಲನಾದ್ರೂ ಇಬ್ಬರೂ ಮುಖಾಮುಖಿ ಭೇಟಿ ಆಗಿರ್ಬೇಕು, ವಿಡಿಯೋ ಕಾಲ್ ಭೇಟಿ ಅಲ್ಲ. ಮದುವೆ ಆದ್ಮೇಲೆ ಗ್ರೀನ್ ಕಾರ್ಡಿಗೆ ಬೇರೆ ಅರ್ಜಿ, ಆ ಅರ್ಜಿ ನಡೀತಿರೋವಾಗ ಕೆಲಸಕ್ಕೆ ಪರ್ಮಿಟ್ ಬರೋವರೆಗೂ ಮನೇಲಿ ಕೂರ್ಬೇಕು, ಮುಂಗಡ ಅನುಮತಿ ಇಲ್ದೆ ದೇಶ ಬಿಟ್ರೆ ಅರ್ಜಿ ಕೈಬಿಟ್ಟ ಹಾಗೆ. ಇಲ್ಲಿ ಅಮ್ಮಂಗೆ ಹುಷಾರಿಲ್ಲ ಅಂದ್ರೂ ತಕ್ಷಣ ಹೊರಡೋಕಾಗಲ್ಲ, ಆ ಸಂಕಟ ಪತ್ರದಲ್ಲಿ ಬರೆದು ತಿಳಿಸೋ ಅಂಥದ್ದಲ್ಲ. ಮದುವೆ ಆಗಿ ಸಿಆರ್-1ರಲ್ಲಿ, ಅಂದ್ರೆ ಗಂಡ ಹೆಂಡತಿಗೆ ಕೊಡೋ ವೀಸಾದಲ್ಲಿ ಹೋದ್ರೆ ಇಳಿದ ದಿನದಿಂದ್ಲೇ ನೀವು ಪರ್ಮನೆಂಟ್ ರೆಸಿಡೆಂಟ್, ಕೆಲಸ ಮಾಡ್ಬಹುದು, ಬಂದು ಹೋಗಬಹುದು.

ಒಂದು ವಿಷಯ ಮರೀಬೇಡಿ. ನೀವು ಅಲ್ಲಿ ಇಳಿಯೋ ಹೊತ್ತಿಗೆ ಮದುವೆಗೆ ಎರಡು ವರ್ಷ ತುಂಬಿಲ್ಲ ಅಂದ್ರೆ ಗ್ರೀನ್ ಕಾರ್ಡು ಎರಡೇ ವರ್ಷಕ್ಕೆ, ಷರತ್ತಿನ ಮೇಲೆ. ಅದು ಮುಗಿಯೋ ಹಿಂದಿನ 90 ದಿನದಲ್ಲಿ ಐ-751 ಅಂತ ಇಬ್ಬರೂ ಸೇರಿ ಅರ್ಜಿ ಹಾಕಿ ಷರತ್ತು ತೆಗೆಸ್ಬೇಕು. ಆ ತಾರೀಖನ್ನ ನಿಮ್ಮ ಫೋನಲ್ಲಿ, ನಿಮ್ಮ ಡೈರೀಲಿ ಬರೆದಿಟ್ಕೊಳ್ಳಿ, ಗಂಡಂಗೆ ನೆನಪಿರತ್ತೆ ಅಂತ ಕೂರ್ಬೇಡಿ. ಹಾಗೇ ನಿಮ್ಮನ್ನ ಕರೆಸ್ಕೊಳ್ಳೋರು ಐ-864 ಅನ್ನೋ ಕಾಗದಕ್ಕೆ ಸಹಿ ಹಾಕಿರ್ತಾರೆ, ಬಡತನ ರೇಖೆಯ ಶೇಕಡ 125ರಷ್ಟು ಆದಾಯ ತೋರಿಸಿ ನಿಮ್ಮನ್ನ ನೋಡ್ಕೋತೀನಿ ಅಂತ ಸರ್ಕಾರಕ್ಕೆ ಕೊಟ್ಟ ಮಾತು ಅದು. ಡಿವೋರ್ಸ್ ಆದ್ರೂ ಆ ಜವಾಬ್ದಾರಿ ಬಿಡಲ್ಲ. ಅದರ ಒಂದು ಕಾಪಿ ನಿಮ್ಮ ಹತ್ರ ಇರ್ಲಿ.

ಪ್ರಶ್ನೆ: ಸಂಬಂಧ ನಿಜ ಅಂತ ತೋರಿಸೋಕೆ ಎಷ್ಟು ಚಾಟ್ ಸ್ಕ್ರೀನ್‌ಶಾಟ್ ಕೊಡ್ಬೇಕು? ಇನ್ನೊಂದು, ಹಿಂದೆ ನಂಗೆ ಒಂದು ಟೂರಿಸ್ಟ್ ವೀಸಾ ರಿಜೆಕ್ಟ್ ಆಗಿತ್ತು, ಅದನ್ನ ಹೇಳ್ಬೇಡ ಅಂತ ಕನ್ಸಲ್ಟೆಂಟ್ ಹೇಳ್ತಿದ್ದಾರೆ.

ಎರಡನೇದಕ್ಕೆ ಮೊದಲು ಉತ್ತರ. ಹೇಳಿ. ಕೇಳಿರೋ ಕಾಲಂನಲ್ಲಿ ಪೂರ್ತಿ, ದಿನಾಂಕ ಸಮೇತ ಹೇಳಿ. ಒಂದು ಹಳೇ ರಿಜೆಕ್ಷನ್‌ನಿಂದ ಸ್ಪೌಸ್ ವೀಸಾ ನಿಲ್ಲಲ್ಲ, ಮುಚ್ಚಿಟ್ಟಿದ್ದು ಗೊತ್ತಾದ್ರೆ ನಿಲ್ಲತ್ತೆ. ಬ್ರಿಟನ್ನಲ್ಲಿ ಅರ್ಜೀಲಿ ಮೋಸ ಮಾಡಿದ್ರೆ 10 ವರ್ಷದ ತನಕ ಬ್ಯಾನ್, ಆಸ್ಟ್ರೇಲಿಯಾದಲ್ಲಿ 3 ವರ್ಷ, ಅಮೆರಿಕದಲ್ಲಂತೂ ವಿನಾಯಿತಿ ಸಿಗದಿದ್ರೆ ಜೀವನಪೂರ್ತಿ. ಆ ಕನ್ಸಲ್ಟೆಂಟ್ ಫೀಸ್ ತಗೊಂಡು ಮುಂದಿನ ಗಿರಾಕಿ ಕಡೆ ತಿರುಗ್ತಾರೆ, ಅರ್ಜೀಲಿ ಸಹಿ ಇರೋದು ನಿಮ್ಮದು.

ಚಾಟ್ ವಿಷಯ: ಸಾವಿರ ಪುಟ ಬೇಡ, ಯಾರೂ ಓದಲ್ಲ. ಶುರುವಿಂದ ಇವತ್ತಿನ ತನಕ ತಿಂಗಳಿಗೆ ಒಂದೆರಡು ಪುಟ, ತಾರೀಖು ಕಾಣೋ ಹಾಗೆ. ಖಾಸಗಿ ಮಾತು, ಖಾಸಗಿ ಫೋಟೋ ಯಾವ ಆಫೀಸೂ ಕೇಳಲ್ಲ, ಕೊಡ್ಬೇಡಿ. ಅದಕ್ಕಿಂತ ತೂಕ ಇರೋದು ಒಟ್ಟಿಗೆ ಇದ್ದಿದ್ದಕ್ಕೆ ಸಾಕ್ಷಿ, ಬೋರ್ಡಿಂಗ್ ಪಾಸು, ಪಾಸ್‌ಪೋರ್ಟ್ ಸೀಲು, ಇಬ್ಬರ ಹೆಸರಿರೋ ಬುಕಿಂಗು, ಎರಡೂ ಮನೆಯವರು ಇರೋ ಫೋಟೋ. ಆಸ್ಟ್ರೇಲಿಯಾದವರು ಇದನ್ನ ನಾಲ್ಕು ಭಾಗ ಮಾಡಿ ನೋಡ್ತಾರೆ: ಹಣಕಾಸು, ಮನೆ ಸಂಸಾರ, ಜನರ ಮಧ್ಯೆ ಹೇಗೆ ಕಾಣಿಸ್ಕೋತೀರಿ, ಪರಸ್ಪರ ಬದ್ಧತೆ. ಬೇರೆ ದೇಶಕ್ಕೆ ಹಾಕೋರೂ ಈ ನಾಲ್ಕು ಫೋಲ್ಡರ್ ಮಾಡಿಟ್ಕೊಂಡ್ರೆ ಯಾವುದು ಕಮ್ಮಿ ಇದೆ ಅಂತ ಕಣ್ಣಿಗೆ ಕಾಣತ್ತೆ.

ಪ್ರಶ್ನೆ: ನಾನು ಹುಡುಗ. ನನ್ನ ಹುಡುಗಿ ಜರ್ಮನ್, ಅವಳು ಅಲ್ಲಿ ಡಾಕ್ಟರ್. ನಾನೇ ಅಲ್ಲಿಗೆ ಹೋಗೋದು ಅಂತ ತೀರ್ಮಾನ ಆಗಿದೆ. ಮನೇಲಿ ಹೆಂಡತಿ ಸೆರಗು ಹಿಡ್ಕೊಂಡು ಹೋಗ್ತೀಯಾ ಅಂತ ದಿನಾ ಮಾತು. ಜರ್ಮನ್ ಭಾಷೆ ಬರ್ಲೇಬೇಕಾ?

ಮನೆಯವರ ಮಾತಿಗೆ ನಿಮ್ಮ ಹತ್ರ ಉತ್ತರ ಇದೆ, ನೀವು ಆಗ್ಲೇ ತೀರ್ಮಾನ ಮಾಡಿದ್ದೀರಲ್ಲ. ಅವರಿಗೆ ಭಯ ಇರೋದು ಮಗ ದೂರ ಹೋಗ್ತಾನೆ ಅಂತ, ಅದು ಬೇರೆ ಮಾತಾಗಿ ಹೊರಗೆ ಬರ್ತಿದೆ, ಆ ಭಯಕ್ಕೆ ಸಮಾಧಾನ ಹೇಳಿ, ಸೆರಗಿನ ಮಾತಿಗೆ ಜಗಳ ಆಡೋಕೆ ಹೋಗ್ಬೇಡಿ.

ಭಾಷೆ ಬರ್ಲೇಬೇಕು. ಜರ್ಮನ್ ಪ್ರಜೆಯ ಗಂಡ ಅಥವಾ ಹೆಂಡತಿ ಆಗಿ ಹೋಗೋರಿಗೆ ಸಾಮಾನ್ಯವಾಗಿ ಎ1 ಮಟ್ಟದ ಸರ್ಟಿಫಿಕೇಟ್ ಬೇಕು, ಕೆಲವು ವಿನಾಯಿತಿ ಇವೆ ಆದ್ರೆ ಅದರ ಮೇಲೆ ಭರವಸೆ ಇಟ್ಕೊಂಡು ಕೂರೋ ಬದಲು ಕಲಿಯೋದು ವಾಸಿ. ನಮ್ಮಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಅಂತ ಕರೆಯೋ ಗೋಯೆಥೆ ಇನ್‌ಸ್ಟಿಟ್ಯೂಟಲ್ಲಿ ಪರೀಕ್ಷೆ ಇರತ್ತೆ, ಕೇಳೋದು, ಓದೋದು, ಬರೆಯೋದು, ಮಾತಾಡೋದು ನಾಲ್ಕೂ ಸೇರಿ 100ಕ್ಕೆ 60 ಬಂದ್ರೆ ಪಾಸು. ದಿನಕ್ಕೆ ಒಂದು ಗಂಟೆ ಅವಳ ಜೊತೆ ಜರ್ಮನ್‌ನಲ್ಲೇ ಫೋನ್ ಮಾತು ಅಂತ ನಿಯಮ ಹಾಕ್ಕೊಳ್ಳಿ. ಹೋದ ಮೇಲೆ ವಾಸದ ಪರ್ಮಿಟ್‌ನಲ್ಲೇ ಕೆಲಸ ಮಾಡೋ ಹಕ್ಕೂ ಸೇರಿರತ್ತೆ. ಇಂಟಿಗ್ರೇಷನ್ ಕೋರ್ಸ್ ಅಂತ ಸಾಮಾನ್ಯವಾಗಿ 600 ಪಾಠ ಭಾಷೆ, 100 ಪಾಠ ಅಲ್ಲಿನ ಕಾನೂನು, ಇತಿಹಾಸ, ಜೀವನ ಪದ್ಧತಿ ಬಗ್ಗೆ ಇರತ್ತೆ, ಅದನ್ನ ಕೆಲಸ ಸಿಕ್ತು ಅಂತ ಅರ್ಧಕ್ಕೆ ಬಿಡ್ಬೇಡಿ. ಎ1 ಇಟ್ಕೊಂಡು ಪಕ್ಕದ ಮನೆಯವರಿಗೆ ನಮಸ್ಕಾರ ಹೇಳ್ಬಹುದು, ಸಂಬಳದ ಬಗ್ಗೆ ಮಾತಾಡೋಕಾಗಲ್ಲ.

ಪ್ರಶ್ನೆ: ಮಗಳು ಕೆನಡಾದವರನ್ನ ಮದುವೆ ಆಗ್ತಿದ್ದಾಳೆ. ಅವಳ ಭಾರತೀಯ ಪೌರತ್ವ ಹೋಗತ್ತಾ? ಅಳಿಯನ ಬಗ್ಗೆ ಹೇಗೆ ವಿಚಾರಿಸೋದು?

ಅಮ್ಮಾ, ಮದುವೆ ಆದ ಮಾತ್ರಕ್ಕೆ ಪೌರತ್ವ ಹೋಗಲ್ಲ, ಕೆನಡಾದ ಪರ್ಮನೆಂಟ್ ರೆಸಿಡೆಂಟ್ ಆದ್ರೂ ಹೋಗಲ್ಲ. ಮುಂದೊಂದು ದಿನ ಅವಳಾಗಿ ಅಲ್ಲಿನ ಪೌರತ್ವ ತಗೊಂಡ್ರೆ ಆಗ 1955ರ ಪೌರತ್ವ ಕಾಯ್ದೆ ಪ್ರಕಾರ ನಮ್ಮದು ತಾನಾಗೇ ಹೋಗತ್ತೆ, ಭಾರತ ಎರಡು ಪೌರತ್ವ ಒಪ್ಪಲ್ಲ. ಆಗ ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್ ಮಾಡಿಸ್ಕೋಬಹುದು, ಬಂದು ಹೋಗೋಕೆ ವೀಸಾ ಬೇಡ, ಆದ್ರೆ ಓಟು ಇಲ್ಲ, ಕೃಷಿ ಜಮೀನು ಕೊಂಡ್ಕೊಳ್ಳೋ ಹಾಗಿಲ್ಲ. ಅಳಿಯಂಗೂ ಒಸಿಐ ಸಿಗತ್ತೆ, ಮದುವೆ ರಿಜಿಸ್ಟರ್ ಆಗಿ ಎರಡು ವರ್ಷ ಸತತವಾಗಿ ಉಳಿದಿದ್ರೆ.

ವಿಚಾರಿಸೋಕೆ ಪತ್ತೇದಾರಿ ಬೇಡ. ಪಾಸ್‌ಪೋರ್ಟು, ಹಿಂದೆ ಮದುವೆ ಆಗಿದ್ರೆ ಡಿವೋರ್ಸ್ ಆದೇಶ, ಟ್ಯಾಕ್ಸ್ ಕಾಗದ, ಇವೆಲ್ಲ ಸ್ಪಾನ್ಸರ್ ಅರ್ಜಿಗೆ ಹೇಗೂ ತೆಗೆಯಬೇಕಾದ ಕಾಗದಗಳೇ, ಮದುವೆಗೆ ಮುಂಚೆ ಮಗಳ ಜೊತೆ ಕೂತು ನೋಡೋಣ ಅಂತ ಕೇಳಿ. ಕೊಡ್ತೀನಿ ಅಂದ ಹುಡುಗನ ಮುಖ, ತಪ್ಪಿಸ್ಕೊಳ್ಳೋ ಹುಡುಗನ ಮುಖ, ತಾಯಿಗೆ ಎರಡೂ ಗೊತ್ತಾಗತ್ತೆ. ಒಂದು ಪ್ರಶ್ನೆ ಮುಖ್ಯವಾಗಿ ಕೇಳಿ: ಅವರೇ ಹಿಂದೆ ಯಾರದೋ ಗಂಡನಾಗಿ ಸ್ಪಾನ್ಸರ್ ಆಗಿ ಕೆನಡಾಗೆ ಬಂದೋರಾ? ಹಾಗಿದ್ರೆ ಪರ್ಮನೆಂಟ್ ರೆಸಿಡೆಂಟ್ ಆದ ದಿನದಿಂದ 5 ವರ್ಷ ಇನ್ನೊಬ್ಬ ಸಂಗಾತಿನ ಅವರು ಕರೆಸ್ಕೊಳ್ಳೋ ಹಾಗಿಲ್ಲ.

ಪ್ರಶ್ನೆ: ಎಂಟು ವರ್ಷದ ಕೆಲಸ ಬಿಟ್ಟು ಮುಂದಿನ ತಿಂಗಳು ಬ್ರಿಟನ್ನಿಗೆ ಹೋಗ್ತಿದ್ದೀನಿ. ಮೊದಲ ಆರು ತಿಂಗಳು ಹೇಗಿರತ್ತೆ? ನಿಜ ಹೇಳಿ.

ನಿಜ ಹೇಳ್ತೀನಿ. ಮೊದಲ ಎರಡು ವಾರ ಹಬ್ಬ, ಆಮೇಲೆ ಸೋಮವಾರ ಬೆಳಿಗ್ಗೆ ಗಂಡ ಬಾಗಿಲು ಎಳ್ಕೊಂಡು ಆಫೀಸಿಗೆ ಹೋಗ್ತಾರೆ, ಮನೇಲಿ ಹೀಟರ್ ಸದ್ದು ಬಿಟ್ರೆ ಬೇರೆ ಸದ್ದಿಲ್ಲ. ನನ್ನ ಗಂಡ ಒಳ್ಳೆಯವರು, ಈಗಲೂ ಒಳ್ಳೆಯವರು, ಆದ್ರೂ ನಾನು ಅವತ್ತು ಸಿಂಕ್ ಮುಂದೆ ನಿಂತು ಅತ್ತಿದ್ದೆ.

ಬ್ಯಾಂಕ್ ಅಕೌಂಟ್ ತೆಗೆಯೋಕೆ ಹೋದ್ರೆ ವಿಳಾಸದ ಪುರಾವೆ ತನ್ನಿ ಅಂದ್ರು. ಕರೆಂಟ್ ಬಿಲ್ಲು ಅವರ ಹೆಸರಲ್ಲಿ, ಮನೆ ಅಗ್ರಿಮೆಂಟು ಅವರ ಹೆಸರಲ್ಲಿ, ನೀರು, ಇಂಟರ್ನೆಟ್ಟು, ಎಲ್ಲಾ ಅವರದ್ದೇ. ಇಲ್ಲಿ ಹನ್ನೊಂದು ಜನರ ಟೀಮ್ ನೋಡ್ಕೋತಿದ್ದೆ, ಅಲ್ಲಿ ನಾನು ಆ ಮನೇಲಿ ಇದ್ದೀನಿ ಅನ್ನೋಕೆ ಒಂದು ಚೀಟಿ ಇರ್ಲಿಲ್ಲ. ಮೂರು ಸಲ ವಾಪಸ್ ಬಂದೆ. ಕೊನೆಗೆ ಡಾಕ್ಟರ್ ಹತ್ರ ಹೆಸರು ನೋಂದಾಯಿಸಿದ ಮೇಲೆ ಅವರ ಕ್ಲಿನಿಕ್‌ನಿಂದ ಒಂದು ಪತ್ರ ಬಂತು, ಬಿಳಿ ಲಕೋಟೆ, ಸಣ್ಣ ಕಿಟಕಿಯೊಳಗೆ ನನ್ನ ಪೂರ್ತಿ ಹೆಸರು, ಕೆಳಗೆ ಆ ಮನೆ ವಿಳಾಸ. ಒಳಗೆ ಏನಿದೆ ಅಂತ ನೋಡೋಕೆ ಮುಂಚೆ ಅದನ್ನ ಬಾಗಿಲ ಹತ್ರ ಹಿಡ್ಕೊಂಡು ಎಷ್ಟೋ ಹೊತ್ತು ನಿಂತಿದ್ದೆ. ಆ ಲಕೋಟೆ ಇನ್ನೂ ನನ್ನ ಫೈಲಲ್ಲಿದೆ.

ಅದಕ್ಕೆ ನಿಮಗೆ ಹೇಳೋದು, ಅಲ್ಲಿಗೆ ಹೋದ ಮೊದಲ ವಾರಾನೇ ಒಂದು ಬಿಲ್ಲಿಗೆ ನಿಮ್ಮ ಹೆಸರು ಸೇರಿಸಿ, ಮನೆ ಅಗ್ರಿಮೆಂಟಲ್ಲೂ ಹಾಕ್ಸಿ, ಡಾಕ್ಟರ್ ಹತ್ರ ರಿಜಿಸ್ಟರ್ ಆಗಿ, ಕೆಲಸಕ್ಕೆ, ತೆರಿಗೆಗೆ ಬೇಕಾಗೋ ನ್ಯಾಷನಲ್ ಇನ್ಶೂರೆನ್ಸ್ ನಂಬರಿಗೆ ಹಾಕಿ. ಮುಂದೆ ವೀಸಾ ಮುಂದುವರಿಸೋವಾಗ ಇಬ್ಬರೂ ಒಂದೇ ವಿಳಾಸದಲ್ಲಿ ಇದ್ವಿ ಅಂತ ತೋರಿಸೋಕೂ ಇದೇ ಪತ್ರಗಳು ಬೇಕು. ನನ್ನ ಕಾಲದಲ್ಲಿ ಬಯೋಮೆಟ್ರಿಕ್ ಕಾರ್ಡ್ ಕೊಡ್ತಿದ್ರು, 2024ರ ಕೊನೆಗೆ ಅದು ನಿಂತು ಈಗ ಇ-ವೀಸಾ, ಅಂದ್ರೆ ಕಾರ್ಡ್ ಬದಲು ಆನ್‌ಲೈನ್ ಅಕೌಂಟಲ್ಲಿರೋ ದಾಖಲೆ. ಆ ಅಕೌಂಟಿಗೆ ನಿಮ್ಮ ಈಮೇಲ್, ನಿಮ್ಮ ಫೋನ್ ನಂಬರ್ ಕೊಡಿ. "ನಾನೇ ಮಾಡ್ಕೊಡ್ತೀನಿ ಬಿಡು" ಅಂತ ಪ್ರೀತಿಯಿಂದ್ಲೇ ಅಂದ್ರೂ ಪಕ್ಕದಲ್ಲಿ ಕೂತು ನೀವೇ ಮಾಡಿ. 33 ತಿಂಗಳು, ಆಮೇಲೆ 30 ತಿಂಗಳು, ಐದು ವರ್ಷದ ಲೆಕ್ಕ ಅದು, ಮಧ್ಯೆ ಎ2, ಕೊನೆಗೆ ಬಿ1 ಮಟ್ಟದ ಇಂಗ್ಲಿಷು, ಇದನ್ನೆಲ್ಲಾ ಇನ್ನೊಬ್ಬರ ನೆನಪಿಗೆ ಬಿಡೋಕಾಗಲ್ಲ.

ಇಲ್ಲಿಂದ ಹೊರಡೋಕೆ ಮುಂಚೆ ಡಿಗ್ರಿ, ಅನುಭವ ಪತ್ರ, ಸಂಬಳದ ಸ್ಲಿಪ್ಪು ಎಲ್ಲಾ ಸ್ಕ್ಯಾನ್ ಮಾಡಿ. ವಿದೇಶದಲ್ಲಿ ಕೇಳೋ ಕಾಗದಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದ್ರೆ ಕಾಗದ ಅಸಲಿ ಅಂತ ಬೇರೆ ದೇಶಗಳೂ ಒಪ್ಪೋ ಮುದ್ರೆ ಹಾಕ್ಸಿ, ಭಾರತ 2005ರಿಂದ ಆ ಒಪ್ಪಂದದಲ್ಲಿದೆ. ಸೇವಿಂಗ್ಸ್ ಅಕೌಂಟನ್ನ ಎನ್‌ಆರ್‌ಒ, ಅಂದ್ರೆ ವಿದೇಶದಲ್ಲಿ ವಾಸ ಇರೋರ ಅಕೌಂಟ್ ಮಾಡಿಸಿ, ಹಳೇ ಮೊಬೈಲ್ ನಂಬರ್ ಬಿಡ್ಬೇಡಿ, ಒಟಿಪಿ ಎಲ್ಲಾ ಅದಕ್ಕೇ ಬರೋದು. ಮತ್ತೆ ಒಂದು ವಾಪಸ್ ಟಿಕೆಟ್ ದುಡ್ಡು ನಿಮ್ಮ ಒಬ್ಬರ ಅಕೌಂಟಲ್ಲಿ ಯಾವಾಗ್ಲೂ ಇರ್ಲಿ. ಇದನ್ನ ಗಂಡಂಗೆ ಹೇಳಿಯೇ ಇಡಿ. ನಾನು ಹೇಳಿದಾಗ ಅವರು, ಎರಡು ಟಿಕೆಟ್ಟಿಗೆ ಆಗೋಷ್ಟು ಇಡು, ಮನೆಗೆ ತುರ್ತಾಗಿ ಹೋಗ್ಬೇಕಾದ್ರೆ ಇಬ್ಬರೂ ಹೋಗೋಣ ಅಂದ್ರು.

ಪ್ರಶ್ನೆ: ಬಂದು 14 ತಿಂಗಳಾಯ್ತು. ಯಾವ ದೇಶ ಅಂತ ಬರೆಯಲ್ಲ. ನನ್ನ ಪಾಸ್‌ಪೋರ್ಟ್ ಗಂಡನ ಬೀರುವಲ್ಲಿದೆ. ಕೆಲಸಕ್ಕೆ ಕಳಿಸಲ್ಲ. ಜಗಳ ಆದಾಗೆಲ್ಲಾ ಒಂದು ಫೋನ್ ಮಾಡಿದ್ರೆ ನಿನ್ನ ವೀಸಾ ಕ್ಯಾನ್ಸಲ್ ಅಂತಾರೆ. ಎರಡು ಸಲ ಕೈ ಎತ್ತಿದ್ದಾರೆ. ಅಪ್ಪ ಅಮ್ಮಂಗೆ ಹೇಗೆ ಹೇಳ್ಲಿ?

ನಿಮ್ಮ ಪತ್ರ ಓದಿದ ರಾತ್ರಿ ನಿದ್ದೆ ಬರ್ಲಿಲ್ಲ. ಮೊದಲ ಮಾತು, ಇದು ಜಗಳ ಅಲ್ಲ, ಹಿಂಸೆ, ಮತ್ತೆ ತಪ್ಪು ನಿಮ್ಮದಲ್ಲ.

ಆ ಫೋನಿನ ಬೆದರಿಕೆ ಬಗ್ಗೆ. ವೀಸಾ ಕೊಟ್ಟಿದ್ದು ಸರ್ಕಾರ, ತೆಗೆಯೋ ಅಧಿಕಾರ ಇರೋದೂ ಸರ್ಕಾರಕ್ಕೆ ಮಾತ್ರ. ಸಂಬಂಧ ಮುರೀತು ಅಂತ ಅವರು ಇಲಾಖೆಗೆ ತಿಳಿಸ್ಬಹುದು, ಅದರ ಮೇಲೆ ಇಲಾಖೆ ಕ್ರಮ ತಗೋಬಹುದು, ಅದನ್ನ ನಾನು ನಿಮ್ಮಿಂದ ಮುಚ್ಚಿಡಲ್ಲ. ಆದ್ರೆ ಹೊಡೆತ ತಿಂದೋರಿಗೆ ಬಾಗಿಲು ಮುಚ್ಚಬಾರದು ಅಂತಾನೇ ಬಹಳ ದೇಶಗಳಲ್ಲಿ ಬೇರೆ ದಾರಿ ಮಾಡಿಟ್ಟಿದ್ದಾರೆ. ಬ್ರಿಟನ್ನಲ್ಲಿ ಸ್ಪೌಸ್ ವೀಸಾದಲ್ಲಿರೋರು ಹಿಂಸೆಯಿಂದ ಸಂಬಂಧ ಮುರಿದಿದ್ರೆ ಐದು ವರ್ಷ ಕಾಯದೆ ತಾವೇ ಶಾಶ್ವತ ವಾಸಕ್ಕೆ ಅರ್ಜಿ ಹಾಕ್ಬಹುದು, ಅದಕ್ಕೆ ತಯಾರಾಗೋಕೆ 3 ತಿಂಗಳ ಅನುಮತಿ, ಸರ್ಕಾರಿ ನೆರವು ಪಡೆಯೋ ಹಕ್ಕಿನ ಸಮೇತ ಸಿಗತ್ತೆ. ಅಮೆರಿಕದಲ್ಲಿ 1994ರ ಕಾನೂನೊಂದಿದೆ, ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರೋರ ಸಂಗಾತಿ ಹಿಂಸೆ ಅನುಭವಿಸಿದ್ರೆ ತಾನೇ ಅರ್ಜಿ ಹಾಕ್ಬಹುದು, ಅದರ ಸುದ್ದಿ ಗಂಡಂಗೆ ಇಲಾಖೆ ಹೇಳೋ ಹಾಗಿಲ್ಲ. ಷರತ್ತಿನ ಕಾರ್ಡ್ ಇರೋರು ಗಂಡನ ಸಹಿ ಇಲ್ದೆ ಐ-751 ಹಾಕ್ಬಹುದು. ಆಸ್ಟ್ರೇಲಿಯಾದ ಪಾರ್ಟ್ನರ್ ವೀಸಾದಲ್ಲೂ ಕೌಟುಂಬಿಕ ಹಿಂಸೆಗೆ ಪ್ರತ್ಯೇಕ ನಿಯಮ ಇದೆ. ಜರ್ಮನಿಯಲ್ಲಿ ಸ್ವತಂತ್ರ ವಾಸದ ಹಕ್ಕಿಗೆ ಸಾಮಾನ್ಯವಾಗಿ 3 ವರ್ಷ ಒಟ್ಟಿಗೆ ಬಾಳಿರ್ಬೇಕು, ಹಿಂಸೆ ಇದ್ರೆ ಆ ಅವಧಿ ಸಡಿಲಿಸ್ತಾರೆ. ಕೆನಡಾದಲ್ಲಿ ಪರ್ಮನೆಂಟ್ ರೆಸಿಡೆಂಟ್ ಆಗಿ ಹೋಗಿದ್ರೆ ಗಂಡನ ಜೊತೆ ಎರಡು ವರ್ಷ ಇರ್ಲೇಬೇಕು ಅನ್ನೋ ಷರತ್ತನ್ನ 2017ರಲ್ಲೇ ತೆಗೆದ್ರು.

ಪಾಸ್‌ಪೋರ್ಟ್ ಬೀರುವಲ್ಲಿ ಇಡೋ ಹಕ್ಕು ಅವರಿಗಿಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಅದು ಭಾರತ ಸರ್ಕಾರದ ಸ್ವತ್ತು. ಅದಕ್ಕೋಸ್ಕರ ಅವರ ಜೊತೆ ಎಳೆದಾಡೋಕೆ ಹೋಗ್ಬೇಡಿ, ಜೀವ ಮುಖ್ಯ, ಪಾಸ್‌ಪೋರ್ಟ್ ಬೇರೆ ಸಿಗತ್ತೆ. ಭಾರತೀಯ ರಾಯಭಾರ ಕಚೇರೀಲಿ ಹೇಳಿ, ಸಂಕಷ್ಟದಲ್ಲಿರೋ ಭಾರತೀಯರಿಗೆ ಅಂತ ಅವರ ಹತ್ರ ಸಮುದಾಯ ಕಲ್ಯಾಣ ನಿಧಿ ಇದೆ. ಪಾಸ್‌ಪೋರ್ಟ್, ವೀಸಾ ಪುಟದ ಫೋಟೋ ಮೊಬೈಲಲ್ಲಿ ಹಳೇದು ಇದ್ಯಾ ನೋಡಿ, ನೀವು ವೀಸಾಗೆ ಹಾಕಿದ ಈಮೇಲ್‌ಗಳಲ್ಲಿ ಸಿಗಬಹುದು. ಇದ್ರೆ ನಂಬಿಕಸ್ಥ ಒಬ್ಬರಿಗೆ ಕಳ್ಸಿ, ಕಳಿಸಿದ ಮೆಸೇಜ್ ಅಳಿಸಿ. ಹೊಡೆದ ದಿನ, ಗಂಟೆ, ಏನಾಯ್ತು ಅಂತ ಅವರ ಕಣ್ಣಿಗೆ ಬೀಳದ ಕಡೆ ಬರೆದಿಡಿ, ಡಾಕ್ಟರ್ ಹತ್ರ ಹೋದ್ರೆ ಬಿದ್ದೆ ಅಂತ ಹೇಳ್ಬೇಡಿ, ನಿಜ ಹೇಳಿ, ಆ ದಾಖಲೆ ಮುಂದೆ ನಿಮ್ಮ ಕೈ ಹಿಡಿಯತ್ತೆ.

ಈ ಸಹಾಯವಾಣಿ ನಂಬರ್‌ಗಳಲ್ಲಿ ನಿಮ್ಮ ದೇಶದ್ದು ಇರಬಹುದು. ಬ್ರಿಟನ್ 0808 2000 247, ಅಮೆರಿಕ 1-800-799-7233, ಆಸ್ಟ್ರೇಲಿಯಾ 1800 737 732, ಜರ್ಮನಿ 116 016. ಹೆಸರು ಹೇಳ್ಬೇಕಂತಿಲ್ಲ, ದುಭಾಷಿ ಬೇಕು ಅಂತ ಕೇಳಿ. ಬ್ರಿಟನ್ನಲ್ಲಿದ್ದು ಮಾತಾಡೋಕೂ ಆಗದ ಪರಿಸ್ಥಿತಿ ಬಂದ್ರೆ ಮೊಬೈಲಿಂದ 999 ಒತ್ತಿ, ಕೇಳಿದಾಗ 55 ಒತ್ತಿ, ಪೊಲೀಸರಿಗೆ ಕಾಲ್ ಹೋಗತ್ತೆ.

ಅಪ್ಪ ಅಮ್ಮಂಗೆ ಹೇಗೆ ಹೇಳ್ಲಿ ಅಂತ ಕೇಳಿದ್ದೀರಿ. ಉದ್ದ ಕಥೆ ಬೇಡ. "ನಂಗೆ ಇಲ್ಲಿ ಹೊಡೀತಾರೆ, ನಂಗೆ ಸಹಾಯ ಬೇಕು" ಅಷ್ಟೇ ಹೇಳಿ. ನಾವು ಬೇಡ ಅಂದಿದ್ವಿ, ನೀನೇ ಆರಿಸ್ಕೊಂಡೆ ಅಂತ ಅನ್ನಬಹುದು, ಆ ಮಾತು ಬಂದ್ರೂ ಫೋನ್ ಇಡ್ಬೇಡಿ, ಸ್ವಲ್ಪ ತಡೆದು ಕೇಳಿಸ್ಕೊಳ್ಳಿ, ಎರಡನೇ ಮಾತು ಬೇರೆ ಇರತ್ತೆ. ನಿಮ್ಮ ಈಮೇಲನ್ನ ನಿಮ್ಮ ಗಂಡ ನೋಡ್ತಾರೋ ಇಲ್ವೋ ನಂಗೆ ಗೊತ್ತಿಲ್ಲ, ಅದಕ್ಕೆ ನಾನು ಅಲ್ಲಿಗೆ ಉತ್ತರ ಕಳ್ಸಿಲ್ಲ. ಲೈಬ್ರರಿ ಕಂಪ್ಯೂಟರಿಂದ ಹೊಸ ಐಡಿ ಮಾಡಿ, ಬರೀ ದೇಶದ ಹೆಸರು ಒಂದು ಬರೆದು ಕಳ್ಸಿ. ಅವತ್ತೇ ಉತ್ತರ ಬರೀತೀನಿ.